ಮರದ ಗಂಟು, ಅಕ್ಕೋರ ಗಂಟು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಮೊದಲು ದುಃಖ ಸ್ವಲ್ಪ ಆರಲಿ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆದರಾಯಿತು ಎಂದೆ. ಪೊರೆ ತೆಗೆಸಿಯೂ ಆಯಿತು. ಈಗ ಅಕ್ಷರಗಳು ಚೆನ್ನಾಗಿ ಕಾಣುತ್ತವೆ, ಹೊಸ ನೆಪ ಮಾತ್ರ ಕಾಣುತ್ತಿಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ.

ಅಕ್ಕೋರ ಪಾದ ದೊಡ್ಡದು. ಬೆರಳುಗಳು ಅಗಲಕ್ಕೆ ಹರಡಿಕೊಂಡು, ಹಿಮ್ಮಡಿ ಹೆಂಚಿನ ಚೂರಿನಂತೆ ಒರಟಾಗಿ, ನೆಲವನ್ನು ಪೂರ್ತಿ ಹಿಡಿದುಕೊಳ್ಳುವ ಪಾದ. ಶಿರಸಿ ಪೇಟೆಯ ಯಾವ ಅಂಗಡಿಯಲ್ಲೂ ಹೆಂಗಸರ ಚಪ್ಪಲಿಯಲ್ಲಿ ಅವರ ಅಳತೆ ಸಿಗುತ್ತಿರಲಿಲ್ಲ. ಅಂಗಡಿಯವನು ಡಬ್ಬದ ಮೇಲೆ ಡಬ್ಬ ಬಿಚ್ಚಿ ಬೆವರು ಒರೆಸಿಕೊಳ್ಳುವಾಗ ಅವರೇ ಅವನಿಗೆ ಸಮಾಧಾನ ಹೇಳುತ್ತಿದ್ದರು: "ಗಂಡಸ್ರದ್ದ ಒಂದು ಜೋಡಿ ಕೊಡಪಾ. ನಾ ಏನು ಪಾದಪೂಜಿ ಮಾಡಿಸ್ಕೊಳ್ಳಾಕ ಹೊಂಟೀನೇನು?" ಹಾಗೆ ಅವರು ಸೀರೆಯ ಕೆಳಗೆ ಗಂಡಸರ ಕಪ್ಪು ರಬ್ಬರ್ ಚಪ್ಪಲಿ ಹಾಕಿ ಓಡಾಡುತ್ತಿದ್ದರು. ಆ ಸಪ್ಪಳ ಕೇಳಿದರೆ ಶಾಲೆಯ ಹುಡುಗರು ತಾವಾಗಿ ಬೆಂಚಿನ ಮೇಲೆ ನೆಟ್ಟಗೆ ಕೂರುತ್ತಿದ್ದರು. ನಮ್ಮ ಗರಗಸದ ಮಿಲ್ಲಿನಲ್ಲಿ ಬೀಡಿ ಸೇದುತ್ತ ಕೂತವರೂ ಅಷ್ಟೇ.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಇವರು ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದರು. ಬನವಾಸಿಯ ಆಚೆ, ಗುಡ್ನಾಪುರದ ಕಡೆಯ ರೈತರ ಮನೆಯವರು. ಕೆಲಸಕ್ಕೆಂದು ಶಿರಸಿಗೆ ಬಂದವರು ನಮ್ಮ ಮನೆಗೆ ಒತ್ತಿಕೊಂಡಿದ್ದ ಬಿಡಾರದಲ್ಲಿ ಬಾಡಿಗೆಗಿದ್ದು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿಂದುಗಡೆ ಒಂದೇ ಬಾವಿ. ನನ್ನನ್ನು "ತಮ್ಮಾ" ಎನ್ನುತ್ತಿದ್ದರು, ನನ್ನ ಹೆಂಡತಿಯನ್ನು "ತಂಗಿ" ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ನೋಡಾಕ ಬಂದಾವ ನನ್ನ ಮಾರಿ ನೋಡೂದು ಬಿಟ್ಟು ಕಾಲು ನೋಡಿ ನಕ್ಕ. ಹೋಗಪಾ ನಿನ್ನ ದಾರಿ ಹಿಡಿ ಅಂದೆ" ಎನ್ನುತ್ತಿದ್ದರು. ಅದು ನಿಜವೋ ತಮಾಷೆಯೋ ನನಗೆ ತಿಳಿಯದು. ತಾಯಿಯಿಲ್ಲದ ಮನೆಯಲ್ಲಿ ತಮ್ಮಂದಿರನ್ನು ಬೆಳೆಸುವುದರಲ್ಲಿ ಅವರ ವಯಸ್ಸು ಕಳೆದಿತ್ತು ಎಂಬುದು ಮಾತ್ರ ಗೊತ್ತು.

ನನ್ನ ಹೆಂಡತಿಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದವರು ಅವರು. ಇವಳು ಅವರಿಗೆ ಒಂದೆಲಗದ ತಂಬಳಿ ಮಾಡಿಕೊಟ್ಟರೆ ಲೋಟ ಎತ್ತಿ ಮೂಸಿ, "ತಂಗೀ, ಇದು ಊಟಾನೋ ಔಷಧಾನೋ?" ಎನ್ನುತ್ತಿದ್ದರು. "ಔಷಧ ಅಂತಲೇ ಕುಡೀರಿ ಅಕ್ಕೋರೆ, ನಿಮ್ಮ ಬಾಯಿ ಸ್ವಲ್ಪ ತಂಪಾಗ್ಲಿ" ಎಂದು ಇವಳು ಹೇಳುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಆ ಇಬ್ಬರು ಬಾವಿಕಟ್ಟೆಯ ಮೇಲೆ ಕೂತು ನಗುತ್ತಿದ್ದ ಸದ್ದೇ ಎರಡೂ ಮನೆಯ ಗಲಾಟೆ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಗರಗಸದ ಮಿಲ್ಲು ಸೇರಿದವನು. ದಿಮ್ಮಿ ನೋಡಿ ಎಲ್ಲಿ ಕೊಯ್ಯಬೇಕೆಂದು ಗೆರೆ ಹಾಕುವುದು ನನ್ನ ಕೆಲಸ. ಯಲ್ಲಾಪುರದ ನಾಟಾ ಡಿಪೋದಲ್ಲಿ ಹರಾಜಿಗೆ ಹೋದಾಗಲೂ ಮಿಲ್ಲಿನ ಸಾಹುಕಾರರು ನನ್ನ ಮುಖ ನೋಡಿಯೇ ಬೆಲೆ ಕೂಗುತ್ತಿದ್ದರು. ಒಳಗೆ ಪೊಳ್ಳಿದೆಯೋ ಗಟ್ಟಿಯಿದೆಯೋ ಎಂದು ತೊಗಟೆಯ ಮೇಲೆ ಕೈಯಾಡಿಸಿ ಹೇಳುತ್ತಿದ್ದೆ, ಬಹಳ ಸಲ ಸರಿಯಾಗುತ್ತಿತ್ತು. ಜನ ನನ್ನ ಮಾತನ್ನು ಮರದ ವಿಷಯದಲ್ಲಿ ನಂಬುತ್ತಿದ್ದರು. ಎಲ್ಲ ವಿಷಯದಲ್ಲೂ ನಂಬುತ್ತಾರೆ ಎಂದು ನಾನು ತಿಳಿದುಕೊಂಡೆ. ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು.

ಅಕ್ಕೋರು ಭಾನುವಾರ ಗೋಣಿಚೀಲ ಹಿಡಿದು ಹೊಟ್ಟು ಒಯ್ಯಲು ಮಿಲ್ಲಿಗೆ ಬರುತ್ತಿದ್ದರು. ಅವರ ಬಚ್ಚಲೊಲೆ ಉರಿಯುತ್ತಿದ್ದದ್ದು ಮರದ ಹೊಟ್ಟಿನಲ್ಲಿ. ಚೀಲ ತುಂಬುವ ಮೊದಲು ಒಂದು ಚಿಟಿಕೆ ಮೂಗಿಗೆ ಹಿಡಿದು, "ಸಾಗವಾನಿ" ಎನ್ನುತ್ತಿದ್ದರು. ನಾನು, "ಅಲ್ಲ ಅಕ್ಕೋರೆ, ಮತ್ತಿ" ಎಂದರೆ ಒಪ್ಪುತ್ತಿರಲಿಲ್ಲ. ದಿಮ್ಮಿ ತೋರಿಸು ಎಂದು ಹಟ ಹಿಡಿಯುತ್ತಿದ್ದರು. ನೋಡಿದ ಮೇಲೆ, "ಹಂಗಾರ ನನ್ನ ಮೂಗಿಗೆ ನೆಗಡಿ ಆಗೇತಿ" ಎಂದು ಹೇಳಿ ಹೋಗುತ್ತಿದ್ದರು. ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಇನ್ನೊಬ್ಬರನ್ನು ನಾನು ನೋಡಿಲ್ಲ. ತರಗತಿಯಲ್ಲೂ ಹಾಗೆಯೇ ಇದ್ದರಂತೆ. "ತಿಳೀಲಿಲ್ಲ ಅನ್ನಾವ್ರು ಒಂದು ಕೈ ಎತ್ತ್ರಿ. ತಿಳೀತು ಅನ್ನಾವ್ರು ಎರಡೂ ಕೈ ಎತ್ತ್ರಿ, ನಾ ಪ್ರಶ್ನಿ ಕೇಳ್ತೀನಿ" ಎನ್ನುತ್ತಿದ್ದರಂತೆ. ಎರಡು ಕೈ ಎತ್ತುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಒಮ್ಮೆ ತರಗತಿಯ ಮಕ್ಕಳನ್ನೆಲ್ಲ ಸಾಲಾಗಿ ಮಿಲ್ಲಿಗೆ ಕರೆತಂದರು. ಮರದ ವಯಸ್ಸಿನ ಉಂಗುರ ತೋರಿಸಬೇಕಿತ್ತು. ನಾನು ತೋರಿಸಿದೆ. ಅಲ್ಲೇ ಒಂದು ಬೀಟೆಯ ದಿಮ್ಮಿ ಬಿದ್ದಿತ್ತು, ಅದರ ಮೈಮೇಲೆ ಮಡಕೆಯಷ್ಟು ದಪ್ಪದ ಗಂಟು. ಒಂದು ಹುಡುಗಿ ಅದೇನು ಎಂದು ಕೇಳಿದಳು. ನನಗೆ ಹುರುಪು ಬಂತು. ಮರಕ್ಕೆ ಪೆಟ್ಟು ಬಿದ್ದರೆ, ಹುಳು ಕೊರೆದರೆ, ಅದು ಆ ಜಾಗದಲ್ಲಿ ಬೆಳೆದು ಬೆಳೆದು ಗಂಟು ಕಟ್ಟಿಕೊಳ್ಳುತ್ತದೆ ಎಂದೆ. ಗಂಟು ಮರವನ್ನು ಕೊಲ್ಲುವುದಿಲ್ಲ, ಇಂಥ ಗಂಟು ಹೊತ್ತುಕೊಂಡು ಮರ ನೂರಾರು ವರ್ಷ ಬದುಕುತ್ತದೆ ಎಂದೆ. ಕೊನೆಗೆ ನಮ್ಮ ಕಸುಬಿನ ಮಾತನ್ನೂ ಸೇರಿಸಿದೆ: ಗಂಟಿಗೆ ಮಾತ್ರ ಉಳಿ ಹಾಕಬಾರದು. ಹಲಗೆಯಲ್ಲಿ ಗಂಟಿದ್ದ ಕಡೆ ಉಳಿ ಇಟ್ಟು ಹೊಡೆದರೆ ಸೀಳು ಎಲ್ಲಿಂದ ಎಲ್ಲಿಗೋ ಓಡುತ್ತದೆ, ಒಳ್ಳೆಯ ಹಲಗೆ ಹಾಳಾಗುತ್ತದೆ. ಹಾಗಾಗಿ ಗಂಟನ್ನು ಅದರ ಪಾಡಿಗೆ ಬಿಟ್ಟು ಸುತ್ತಲಿಂದ ಕೊಯ್ಯಬೇಕು.

ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಎಲ್ಲ ಮರದ ವಿಷಯದಲ್ಲಿ ಸರಿ. ಅಕ್ಕೋರು ಮೆಚ್ಚಿಕೊಂಡು, "ಇನ್ನೊಮ್ಮೆ ಹೇಳೋ ತಮ್ಮಾ, ಬರಕೊಳ್ಳಲಿ" ಎಂದರು. ನಾನು ಇನ್ನೊಮ್ಮೆ ಹೇಳಿದೆ. ಉಬ್ಬಿಹೋಗಿದ್ದೆ.

ಅವರು ನಿವೃತ್ತಿಯಾಗಿ ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ನನ್ನ ಹೆಂಡತಿ ಬಾವಿಕಟ್ಟೆಯಿಂದ ಒಳಗೆ ಬಂದು ಕೊಡವನ್ನು ಕೆಳಗಿಡದೆಯೇ ಹೇಳಿದಳು: "ಅಕ್ಕೋರಿಗೆ ಎದೇಲಿ ಗಂಟಾಗ್ಯದೆ. ನಂಗೆ ತೋರ್ಸಿದ್ರು. ಗೋಲಿಯಷ್ಟಿದೆ. ಮೇಲೆ ಚರ್ಮ ಒಳಗೆ ಎಳ್ದಂಗೆ ಕಾಣ್ತದೆ."

"ನೋವಿದ್ಯನಾ?" ಎಂದೆ.

"ನೋವಿಲ್ಲ ಅಂತ್ರು."

"ನೋವಿಲ್ದೇ ಇದ್ರೆ ಮತ್ತೆಂತ?" ಎಂದೆ.

ನೋಡಿ, ನಮ್ಮಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು ಇದು. ನೋಯದಿದ್ದರೆ ಒಳ್ಳೆಯದು ಎಂದುಕೊಳ್ಳುತ್ತೇವೆ. ಮುಳ್ಳು ಚುಚ್ಚಿದರೆ ಮನೆಯೆಲ್ಲ ಎದ್ದು ಕೂರುತ್ತದೆ. ನೋಯದೆ ಕೂತ ಗಂಟಿಗೆ ಎಲ್ಲರೂ ಜಾಗ ಬಿಟ್ಟು ನಿಲ್ಲುತ್ತೇವೆ.

ಆದರೂ ನಾವು ಮೂವರು ಶಿರಸಿಯಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಒಳಗೆ ಕರೆದು ನೋಡಿ, ಹೊರಗೆ ಬಂದು, ಕೈಯಿಂದ ಮುಟ್ಟಿ ಯಾವ ಗಂಟು ಯಾವ ಜಾತಿಯದು ಎಂದು ಹೇಳಲಾಗುವುದಿಲ್ಲ, ಹುಬ್ಬಳ್ಳಿಗೆ ಹೋಗಿ, ಅಲ್ಲಿ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ, ತಡ ಮಾಡಬೇಡಿ ಎಂದರು. ಏನೂ ಇಲ್ಲದೆಯೂ ಇರಬಹುದು ಎಂದೂ ಹೇಳಿದರು. ನನ್ನ ಕಿವಿ ಆ ಕೊನೆಯ ಮಾತನ್ನು ಮಾತ್ರ ಹಿಡಿದುಕೊಂಡಿತು. ಅದರ ಜೊತೆ ಸೂಜಿ ಎಂಬ ಮಾತನ್ನೂ.

ಮನೆಗೆ ಬಂದು ಜಗಲಿಯ ಮೇಲೆ ಕೂತೆವು. ಅಕ್ಕೋರು ಚಪ್ಪಲಿ ಬಿಡದೆಯೇ ಕೂತಿದ್ದರು. ಅವರ ಮುಖ ನೋಡಿದರೆ ತಿಳಿಯುತ್ತಿತ್ತು, ಹೆದರಿದ್ದರು. ಅಂಥ ಹೆಂಗಸು ಹೆದರಿದ್ದನ್ನು ನಾನು ಅಂದೇ ನೋಡಿದ್ದು. ಯಾರಾದರೂ ಬೇಡ ಎನ್ನಲಿ ಎಂದು ಕಾಯುತ್ತಿದ್ದರು.

"ತಮ್ಮಾ, ನೀ ಏನಂತಿ?" ಎಂದರು.

ನಾನು ಅಂದೆ. ಮಕ್ಕಳ ಮುಂದೆ ಹೇಳಿದ್ದನ್ನೇ ಅಂದೆ. "ಅಕ್ಕೋರೆ, ಗಂಟಿಗೆ ಉಳಿ ಹಾಕ್ಬಾರ್ದು. ಸುಮ್ನಿದ್ದದ್ದನ್ನ ಕೆದಕಿದ್ರೆ ಹಬ್ತದೆ. ಎಷ್ಟು ಜನರದ್ದು ಕೇಳಿದ್ದೆ, ಸೂಜಿ ಹಾಕ್ಸಿದ ಮೇಲೇ ಮೈಯೆಲ್ಲ ಆದದ್ದು."

ಎಷ್ಟು ಜನರದ್ದು ಕೇಳಿದ್ದೆ? ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೇಳಿದ್ದು, ಕ್ಷೌರದಂಗಡಿಯಲ್ಲಿ ಇನ್ನೊಬ್ಬ ಹೇಳಿದ್ದು. ಕಾಯಿಲೆ ಮೈಯೆಲ್ಲ ಆದ ಮೇಲೆಯೇ ನಮ್ಮ ಜನ ಸೂಜಿಯ ಹತ್ತಿರ ಹೋಗುತ್ತಾರೆ. ಆಮೇಲೆ ಸತ್ತರೆ ತಪ್ಪು ಸೂಜಿಯದಾಗುತ್ತದೆ. ಇಷ್ಟು ಸರಳವಾದ ಲೆಕ್ಕ ನನಗೆ ಹೊಳೆಯಲಿಲ್ಲ.

ನನ್ನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. "ನಾಳೆ ಬೆಳಗಿನ ಬಸ್ಸಿಗೆ ಹೋಗ್ವ ಅಕ್ಕೋರೆ" ಎಂದಳು.

"ನಿಂಗೆಂತ ಗೊತ್ತು?" ಎಂದೆ.

"ನಂಗೊತ್ತಿಲ್ಲ. ಗೊತ್ತಿಲ್ದೇ ಇದ್ದದ್ದಕ್ಕೇ ಹೋಗ್ವ ಅಂದೆ. ಗೊತ್ತಿದ್ರೆ ಎಂತಕ್ಕೆ ಹೋಗ್ಬೇಕಿತ್ತು?"

ಉತ್ತರ ಇಲ್ಲದ ಗಂಡಸು ಮಾಡುವುದನ್ನೇ ನಾನು ಮಾಡಿದೆ. "ಒಂದು ಕೂಸಿಗೂ ಹಾಲು ಕೊಟ್ಟವಳಲ್ಲ ನೀನು. ಎದೆ ವಿಷಯ ನಿಂಗೆಂತ ತಿಳೀತದೆ? ಒಳಗೆ ಹೋಗು" ಎಂದೆ.

ಜಗಲಿಯ ಮೇಲೆ ಇದ್ದದ್ದು ಇಬ್ಬರು ಹೆಂಗಸರು, ಇಬ್ಬರೂ ಮಕ್ಕಳನ್ನು ಹೆರದವರು. ಒಂದೇ ಮಾತಿನಲ್ಲಿ ಇಬ್ಬರ ಬಾಯಿಯನ್ನೂ ಮುಚ್ಚಿಸಿದೆ. ನನ್ನ ಹೆಂಡತಿ ಒಳಗೆ ಹೋದಳು. ಅಕ್ಕೋರು ತಮ್ಮ ಪಾದಗಳನ್ನೇ ನೋಡುತ್ತ, "ಇರಲಿ ಬಿಡು, ನೋಡೂಣು" ಎಂದು ಎದ್ದು ಹೋದರು. ಆಮೇಲೆ ಆ ವಿಷಯವನ್ನು ನನ್ನ ಮುಂದೆ ಇಬ್ಬರೂ ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಅಷ್ಟಕ್ಕೇ ಬಿಟ್ಟೆನೆ? ಸಿದ್ದಾಪುರದ ಒಳಗೆ ಯಾರೋ ಗಂಟಿಗೆ ಸೊಪ್ಪಿನ ಲೇಪ ಕೊಡುತ್ತಾರೆ ಎಂದು ಕೇಳಿ, ಬಸ್ಸು ಹತ್ತಿ ಹೋಗಿ, ಸರದಿಯಲ್ಲಿ ಕೂತು ತಂದೆ. ತಂದುಕೊಟ್ಟಾಗ ನನಗೆ ಎಷ್ಟು ಹೆಮ್ಮೆ. ಲೇಪ ಕೊಟ್ಟವನು ಗಂಟನ್ನು ನೋಡಿರಲಿಲ್ಲ, ಮುಟ್ಟಿರಲಿಲ್ಲ, "ಕರಗ್ತದೆ" ಎಂದಷ್ಟೇ ಹೇಳಿದ್ದ. ಅವನ ಮೇಲೆ ನನಗೆ ಇಂದಿಗೂ ಕುದಿಯುವಷ್ಟು ಸಿಟ್ಟಿದೆ. ಆದರೆ ಅವನು ಅಕ್ಕೋರನ್ನು ಕಂಡವನಲ್ಲ. ನಾನು ದಿನಾ ಕಂಡವನು. ಸಿಟ್ಟನ್ನು ಅವನ ಮೇಲೆ ಹೊರಿಸಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಅಕ್ಕೋರು ಭಾನುವಾರ ಹೊಟ್ಟಿಗೆ ಬರುವುದು ನಿಂತಿತು. ಬೆನ್ನು ನೋವು ಎಂದರು. ಬಾವಿಯಿಂದ ನೀರು ಸೇದಿ ಉಳುಕಿರಬೇಕು ಎಂದು ನಾನೇ ತೀರ್ಮಾನ ಮಾಡಿ ಎಣ್ಣೆ ತಂದುಕೊಟ್ಟೆ. ಎದೆಯ ಗಂಟಿಗೂ ಬೆನ್ನಿನ ನೋವಿಗೂ ಸಂಬಂಧ ಇರಬಹುದು ಎಂದು ಎಸ್ಸೆಸ್ಸೆಲ್ಸಿ ಪಾಸಾದ ಈ ತಲೆಗೆ ತೋಚಲಿಲ್ಲ. ನನ್ನ ಲೆಕ್ಕದಲ್ಲಿ ಗಂಟು ಹುಟ್ಟಿದ ಕಡೆಯೇ ಇರುವಂಥದ್ದು. ಮರದಲ್ಲಿ ಬುಡದ ಗಂಟು ಎದ್ದು ಕೊಂಬೆಗೆ ಹೋದದ್ದನ್ನು ನಾನು ನೋಡಿರಲಿಲ್ಲವಲ್ಲ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದರೆ ಮನೆಗೆ ಬೀಗ. ಎದುರು ಮನೆಯವರು ಕೀ ಕೊಟ್ಟು, "ಬೆಳಿಗ್ಗೆ ಬಸ್ಸಿಗೇ ಹೋದ್ರು ಇಬ್ರೂ, ಹುಬ್ಬಳ್ಳಿಗಂತೆ. ನಿಮಗೆ ಹೇಳ್ಲಿಲ್ವನ್ರಿ?" ಎಂದರು. ಒಲೆಯ ಪಕ್ಕ ಅನ್ನ, ಸಾರು ಮುಚ್ಚಿಟ್ಟಿತ್ತು. ನಾನು ಉಣ್ಣಲಿಲ್ಲ. ನನ್ನನ್ನು ಕೇಳದೆ ಹೋದಳೆಂಬ ಸಿಟ್ಟಿನಲ್ಲಿ ಅಂಗಳದಲ್ಲೇ ಓಡಾಡಿದೆ. ಆ ಸಿಟ್ಟನ್ನು ನೆನೆದರೆ ಈಗ ಮೈ ಉರಿಯುತ್ತದೆ. ಒಬ್ಬಳು ಸಾಯುತ್ತಿದ್ದಾಳೆ, ಇನ್ನೊಬ್ಬಳು ಅವಳನ್ನು ಹಿಡಿದುಕೊಂಡು ಕಾಡುದಾರಿಯ ಬಸ್ಸಿನಲ್ಲಿ ಹೋಗುತ್ತಿದ್ದಾಳೆ, ಗಂಡಸಿಗೆ ತನ್ನನ್ನು ಕೇಳಲಿಲ್ಲ ಎಂಬ ಚಿಂತೆ.

ಮರುದಿನ ನಾನೂ ಹೋದೆ. ಸೂಜಿ ಹಾಕಿ ಆಗಿತ್ತು, ಬೆನ್ನಿನ ಚಿತ್ರವನ್ನೂ ತೆಗೆದಿದ್ದರು. ವರದಿ ಬರುವವರೆಗೂ ಅಲ್ಲೇ ಉಳಿದೆವು. ಬಂದ ಮೇಲೆ ಡಾಕ್ಟರು ನಮ್ಮನ್ನು ಕರೆದರು. ನನಗಿಂತ ಬಹಳ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕೋರ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ಕ್ಯಾನ್ಸರ್ ಎಂಬ ಶಬ್ದವನ್ನು ಉಳಿದ ಶಬ್ದಗಳ ಹಾಗೆಯೇ ಉಚ್ಚರಿಸಿದಳು. ನಮ್ಮೂರಲ್ಲಿ ಅದನ್ನು "ಆ ಕಾಯಿಲೆ" ಎನ್ನುತ್ತೇವೆ, ಅದೂ ಬಾಗಿಲು ಹಾಕಿಕೊಂಡು.

ಅವಳು ಹೇಳಿದ್ದನ್ನು ನಾನು ಮರೆತಿಲ್ಲ. ಗಂಟುಗಳಲ್ಲಿ ಎರಡು ಬಗೆ. ಒಂದು, ತನ್ನ ಸುತ್ತ ತಾನೇ ಪೊರೆ ಕಟ್ಟಿಕೊಂಡು ಅದರೊಳಗೇ ನಿಧಾನ ಬೆಳೆಯುವಂಥದ್ದು. ದೊಡ್ಡದಾದರೆ ಅಕ್ಕಪಕ್ಕದ್ದನ್ನು ಒತ್ತುತ್ತದೆ, ಒಳಗೆ ನುಗ್ಗುವುದಿಲ್ಲ. ಹೆಂಗಸರ ಎದೆಯ ಗಂಟುಗಳಲ್ಲಿ ಹೆಚ್ಚಿನವು ಇಂಥವೇ. ಇನ್ನೊಂದು, ಬೇಲಿ ಮುರಿಯುವಂಥದ್ದು. ಅದರ ಜೀವಕೋಶಗಳಿಗೆ ಸಾಕು ಎಂಬುದು ತಿಳಿಯುವುದಿಲ್ಲ, ಒಂದು ಎರಡಾಗಿ ಬೆಳೆಯುತ್ತಲೇ ಹೋಗಿ ಪಕ್ಕದ ಮಾಂಸದೊಳಗೆ ಬೇರು ಬಿಡುತ್ತವೆ, ಚರ್ಮವನ್ನು ಒಳಗೆ ಎಳೆದುಕೊಳ್ಳುತ್ತವೆ. ಕೆಲವು ಕಳಚಿಕೊಂಡು ರಕ್ತನಾಳಕ್ಕೋ ದುಗ್ಧರಸದ ನಾಳಕ್ಕೋ ಇಳಿಯುತ್ತವೆ. ಅಲ್ಲಿಂದ ಕಂಕುಳಿನ ಗ್ರಂಥಿಗೆ, ಮೂಳೆಗೆ, ಶ್ವಾಸಕೋಶಕ್ಕೆ, ಯಕೃತ್ತಿಗೆ. ಹೋದ ಕಡೆ ಹೊಸ ಗಂಟು ಕಟ್ಟುತ್ತವೆ. ಅಕ್ಕೋರ ಬೆನ್ನುಮೂಳೆಯಲ್ಲಿ ಇದ್ದದ್ದೂ ಎದೆಯ ಕ್ಯಾನ್ಸರೇ, ಬೆನ್ನಿನದಲ್ಲ. ಎಲ್ಲಿ ಹೋಗಿ ಕೂತರೂ ಅದು ಹುಟ್ಟಿದ ಮನೆಯದೇ.

"ಸೂಜಿ ಹಾಕಿದ್ದಕ್ಕೆ ಹಬ್ಬಿತ್ರಾ?" ಎಂದು ಕೇಳಿದೆ. ಆಗಲೂ ಕೇಳಿದೆ.

ಅವಳು ನನ್ನನ್ನು ನೋಡಿದಳು. "ಅಜ್ಜಾರ, ಸೂಜಿ ಹಾಕಿದ್ದು ಮೊನ್ನೆ. ಬೆನ್ನು ನೋವು ಶುರುವಾಗಿದ್ದು ಯಾವಾಗ?" ಎಂದಳು.

ಮೊದಲೇ ಬಂದಿದ್ದರೆ ಎಂದು ನನ್ನ ಹೆಂಡತಿ ಕೇಳಿದಳು. ಖಂಡಿತ ಉಳಿಯುತ್ತಿದ್ದರು ಎಂದು ಹೇಳಲಾರೆ, ಆದರೆ ಆಗ ಗಂಟು ಒಂದೇ ಕಡೆ ಇದ್ದಿರಬಹುದು, ಒಂದೇ ಕಡೆ ಇದ್ದರೆ ತೆಗೆಯಬಹುದಿತ್ತು ಎಂದಳು ಡಾಕ್ಟರು. ಈಗ ನೋವು ಕಡಿಮೆ ಮಾಡಬಹುದು, ಸ್ವಲ್ಪ ಕಾಲ ತಡೆಹಿಡಿಯಬಹುದು. ಅಷ್ಟು ಹೇಳಿ ಅಕ್ಕೋರ ಕೈ ಒತ್ತಿ ಹೋದಳು.

ಅಕ್ಕೋರು ಚಾವಣಿ ನೋಡುತ್ತ ಮಲಗಿದ್ದರು. ಆಮೇಲೆ ಒಮ್ಮೆಲೇ ನಕ್ಕರು. ಒಳ್ಳೆಯ ನಗುವಲ್ಲ.

"ಗ್ವಾಡಿ, ತಮ್ಮಾ" ಎಂದರು.

ಗೋಡೆಯ ಮಾತು ಈಗ ಯಾಕೆ ಎಂದು ನನಗೆ ತಿಳಿಯಲಿಲ್ಲ.

"ಗಿಡದ ಜೀವಕೋಶಕ್ಕ ಗ್ವಾಡಿ ಐತಿ. ಪ್ರಾಣಿ ಜೀವಕೋಶಕ್ಕ ಗ್ವಾಡಿ ಇಲ್ಲ. ವರ್ಷಾ ವರ್ಷಾ ಬೋರ್ಡಿನ ಮ್ಯಾಲ ಎರಡೂ ಚಿತ್ರ ತಗದು ಹುಡುಗ್ರಿಗೆ ಬಾಯಿಪಾಠ ಮಾಡಿಸೀನಿ. ವ್ಯತ್ಯಾಸ ಬರೀರಿ ಅಂತ ಪರೀಕ್ಷೆಗೂ ಕೇಳೀನಿ. ಗ್ವಾಡಿ ಒಳಗ ಕಟ್ಟಿ ಹಾಕಿದ್ದು ಎಲ್ಲಿಗೆ ಹೋದೀತು? ಅದಕ್ಕ ನಿನ್ನ ಮರದ ಗಂಟು ಹುಟ್ಟಿದಲ್ಲೇ ಕುಂತಿರ್ತೈತಿ. ನಂದು ಗ್ವಾಡಿ ಇಲ್ಲದ್ದು, ಅಡ್ಡಾಡಾಕ ಹೊಂಟೈತಿ." ಉಸಿರು ತೆಗೆದುಕೊಂಡು, "ನೀ ಮಿಲ್ಲಿನಾಗ ದಿಮ್ಮಿ ನೋಡಾಂವ, ನಿನಗ ಗೊತ್ತಿರಲಿಲ್ಲ. ಪಾಠ ಮಾಡಾಕಿ ನಾ. ನನಗೇನಾಗಿತ್ತು ಧಾಡಿ?" ಎಂದರು.

ಅವರ ಕಣ್ಣಲ್ಲಿ ನೀರಿರಲಿಲ್ಲ, ಕೋಪವಿತ್ತು. ಒಬ್ಬ ಹುಡುಗ ಗೊತ್ತಿದ್ದ ಉತ್ತರವನ್ನು ತಪ್ಪು ಬರೆದು ಬಂದಾಗ ಅವರಿಗೆ ಬರುತ್ತಿದ್ದ ಕೋಪ. ಅದನ್ನು ಈಗ ತಮ್ಮ ಮೇಲೆಯೇ ತಿರುಗಿಸಿಕೊಂಡಿದ್ದರು.

ನಾನು ಅವರ ಪಾದ ಹಿಡಿದೆ. "ತಪ್ಪಾಯ್ತು ಅಕ್ಕೋರೆ. ನಾನೇ ತಡೆದದ್ದು" ಎಂದೆ. ನನ್ನ ಹೆಂಡತಿ ಆಗ ಬಿಸಿನೀರು ತರಲು ಕೆಳಗೆ ಹೋಗಿದ್ದಳು.

ಅವರು ಪಾದ ಎಳೆದುಕೊಂಡರು. "ನಂದು ಇರಲಿ. ನಂಗೂ ಹೋಗೂದು ಬ್ಯಾಡಾಗಿತ್ತು, ನಿನ್ನ ಮಾತು ನೆವ ಆತು. ನನ್ನ ಹತ್ರ ಕೇಳಬ್ಯಾಡ. ಆವತ್ತು ಜಗಲಿ ಮ್ಯಾಲ ಅಕೀಗೆ ಒಂದು ಮಾತು ಅಂದಿ. ಅದನ್ನ ಹಿಂದ ತಗೋ. ಅಕೀ ಹತ್ರ ಕೇಳು."

"ಕೇಳ್ತೆ" ಎಂದೆ.

"ಎರಡೂ ಕೈ ಎತ್ತಿ ಹೇಳು" ಎಂದರು.

ಹೇಳಲಿಲ್ಲ. ಅಷ್ಟರಲ್ಲಿ ಅವಳು ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಅಕ್ಕೋರು ಮತ್ತೆ ನಮ್ಮ ಪಕ್ಕದ ಮನೆಗೇ ಬಂದು, ಅಲ್ಲಿಂದ ನಮ್ಮ ನಡುಮನೆಗೆ ಬಂದರು. ನನ್ನ ಹೆಂಡತಿ ಅವರಿಗೆ ಸ್ನಾನ ಮಾಡಿಸಿದಳು, ತಲೆ ಬಾಚಿದಳು, ಮಾತ್ರೆ ಕೊಟ್ಟಳು, ವಾಂತಿಯ ಪಾತ್ರೆ ತೊಳೆದಳು. ಅಕ್ಕೋರು ಕೊನೆಯವರೆಗೂ ಅವಳನ್ನು ನಗಿಸುವುದನ್ನು ಬಿಡಲಿಲ್ಲ. ಗಂಜಿ ಬೇಡವೆನಿಸಿದರೆ, "ತಂಗೀ, ನಿನ್ನ ಸತ್ತ ಮಜ್ಜಿಗಿ ಇದ್ರ ಕೊಡು" ಎಂದು ತಂಬಳಿ ಕೇಳುತ್ತಿದ್ದರು. ನನ್ನನ್ನು ಮಾತ್ರ ಆಗಾಗ ಸುಮ್ಮನೆ ನೋಡುತ್ತಿದ್ದರು. ಕೇಳಿದೆಯಾ ಎಂಬ ನೋಟ. ನಾನು ನಾಳೆ ಎಂದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ನನ್ನ ಹೆಂಡತಿಯ ಮಡಿಲಿನಲ್ಲಿ ತಲೆಯಿಟ್ಟುಕೊಂಡೇ ಹೋದರು.

ಅವರ ತಮ್ಮಂದಿರು ಬಂದು ಊರಿಗೆ ಒಯ್ದರು. ಗುಡ್ನಾಪುರದ ಕಡೆ ಅವರ ಹೊಲದಲ್ಲೇ ಮಣ್ಣು ಮಾಡಿದರು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮಣ್ಣು ಕೊಟ್ಟು ಬಂದು ಎಲ್ಲರೂ ಬೇವಿನ ಮರದ ಕೆಳಗೆ ಕೂತಿದ್ದಾಗ ಅವರ ಮನೆಯ ಹಿರಿಯರೊಬ್ಬರು ಹೇಳಿದರು: "ಸೂಜಿ ಚುಚ್ಚಿಸಿದ್ದಕ್ಕ ಹಬ್ಬಿತ್ರಿ. ಅಲ್ಲೀತನಾ ನೆಟ್ಟಗ ಅಡ್ಡಾಡತಿದ್ಲು."

"ಹೌದ್ರಿ, ಮುಟ್ಟಬಾರದಿತ್ತು" ಎಂದರು ಇನ್ನೊಬ್ಬರು. "ಯಾರ್ರೀ ಹುಬ್ಬಳ್ಳಿಗೆ ಕರಕೊಂಡು ಹೋಗಿದ್ದು?"

ಹೆಂಗಸರ ಗುಂಪಿನಿಂದ ಯಾರೋ ನನ್ನ ಹೆಂಡತಿಯ ಕಡೆ ಕೈ ಮಾಡಿದರು. ಎಲ್ಲರೂ ಅವಳನ್ನು ನೋಡಿದರು. ಅವಳು ನನ್ನನ್ನು ನೋಡಿದಳು.

ಸೂಜಿಗಿಂತ ಎಷ್ಟೋ ಮೊದಲೇ ಹಬ್ಬಿತ್ತು ಎಂದು ಹೇಳಲು ನನಗೆ ಒಂದು ಉಸಿರು ಸಾಕಿತ್ತು. ಡಾಕ್ಟರು ಹೇಳಿದ್ದು ಒಂದಕ್ಷರ ಬಿಡದೆ ನೆನಪಿತ್ತು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ಮೊದಲೇ ಯಾಕೆ ಕರೆದುಕೊಂಡು ಹೋಗಲಿಲ್ಲ, ತಡೆದವರು ಯಾರು? ನಾನು ತಲೆ ತಗ್ಗಿಸಿ ಟವೆಲಿನಿಂದ ಮುಖ ಒರೆಸಿಕೊಂಡೆ. ಜನ ಅದನ್ನು ದುಃಖ ಎಂದುಕೊಂಡರು. ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಬನವಾಸಿ ದಾಟಿ ಶಿರಸಿ ಬಂತು. ಇಳಿದ ಮೇಲೆ, "ರಾತ್ರಿಗೆ ಎಂತ ಮಾಡ್ಲಿ?" ಎಂದಷ್ಟೇ ಕೇಳಿದಳು.

ಅಕ್ಕೋರ ಊರಿನಲ್ಲಿ ಈಗಲೂ ಹಾಗೆಯೇ ಹೇಳುತ್ತಾರಂತೆ. ಹೋದ ವರ್ಷ ಅವರ ತಮ್ಮನ ಸೊಸೆಗೆ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಾಗ, ಆ ಶಿರಸಿಯ ಹೆಂಗಸು ಮಾಡಿದ ಹಾಗೆ ಮಾಡಬೇಡಿ, ಸೂಜಿ ಹಾಕಿಸಬೇಡಿ ಎಂದರಂತೆ. ಇದು ನನ್ನ ಕಿವಿಗೂ ಬಿತ್ತು. ನಾನು ತಡೆಯದ ಸುಳ್ಳು ನನ್ನನ್ನು ಬಿಟ್ಟು, ನನ್ನ ಹೆಂಡತಿಯ ಹೆಸರು ಹಿಡಿದುಕೊಂಡು ಇನ್ನೊಂದು ಮನೆಗೆ ನುಗ್ಗಿತ್ತು. ಆ ಮನೆಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಆ ಹುಡುಗಿ ಹೋಗಿ ಪರೀಕ್ಷೆ ಮಾಡಿಸಿಕೊಂಡಳು, ಅವಳದು ಪೊರೆಯೊಳಗಿನ ಗಂಟಂತೆ, ತೆಗೆದರು, ಆರಾಮಾಗಿದ್ದಾಳೆ. ಫೋನಿನಲ್ಲಿ ಪರರಿಗೆ ಹೇಳುವುದು ಸುಲಭವಾಯಿತು. ನಡುಮನೆಯಿಂದ ಅಡುಗೆಮನೆಗೆ ಹೋಗಿ ಹೇಳುವುದು ಇನ್ನೂ ಆಗಿಲ್ಲ.

ಹಾಗಾಗಿ ಅಚ್ಚಾಗುವ ಕಾಗದದ ಮೇಲೆ ಹೇಳುತ್ತಿದ್ದೇನೆ. ಅಕ್ಕೋರನ್ನು ಸೂಜಿ ಕೊಲ್ಲಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋದವಳು ಕೊಲ್ಲಲಿಲ್ಲ. ಅವಳು ಹೇಳಿದ ಮೊದಲ ದಿನವೇ ಹೋಗಿದ್ದರೆ ಅವರು ಬದುಕುವ ದಾರಿ ಒಂದಿತ್ತು, ಅದಕ್ಕೆ ಅಡ್ಡ ನಿಂತವನು ನಾನು. ಅವಳಿಗೆ ಆ ಸಂಜೆ ಅಂದ ಮಾತು ನೀಚ ಮಾತು, ಗುಡ್ನಾಪುರದಲ್ಲಿ ಆಡದೆ ಉಳಿದ ಮಾತು ಅದಕ್ಕಿಂತ ನೀಚ. ಅಕ್ಕೋರ ಹತ್ತಿರ ಕ್ಷಮೆ ಕೇಳಿದೆ, ಅವರು ನನ್ನನ್ನು ಬೇರೆ ಕಡೆ ಕಳಿಸಿದರು. ಅಲ್ಲಿಗೆ ನಾನು ಇಂದಿಗೂ ಹೋಗಿಲ್ಲ. ನಾನು ತಪ್ಪಾಯಿತು ಎಂದು ಒಮ್ಮೆಯೂ ಹೇಳದೆ ಉಳಿದದ್ದು ನನ್ನ ಹೆಂಡತಿಗೆ.